ಮಾವನ ಜಗುಲಿಗೆ ಹನ್ನೊಂದು ತಿಂಗಳ ಕರಾರು

ನಮ್ಮ ಸೋದರಮಾವ ಸಮಾಜಕ್ಕೆ ಅಪಾಯಕಾರಿ ವ್ಯಕ್ತಿ. ಹಾಗಂತ ನಾನು ಹೇಳುತ್ತಿಲ್ಲ, ಒಂದು ಭಾರಿ ಸೋಷಿಯಲ್ ಮೀಡಿಯಾ ಕಂಪನಿಯೇ ತೀರ್ಮಾನಿಸಿ ಅವರ ಖಾತೆಗೆ ಬೀಗ ಜಡಿದಿತ್ತು. ಮಾಡಿದ ಅಪರಾಧವಾದರೂ ಏನು ಅಂತೀರಿ? ದಿನಾ ಬೆಳಿಗ್ಗೆ ನಾನೂರು ಜನಕ್ಕೆ ಗುಲಾಬಿ ಹೂವಿನ ಸಮೇತ ‘ಶುಭೋದಯ’ ಕಳಿಸುತ್ತಿದ್ದರು! ಮನುಷ್ಯರಾದವರಿಗೆ ಇಷ್ಟು ಸೌಜನ್ಯ ಸಾಧ್ಯವೇ ಇಲ್ಲ, ಇದು ಯಾವುದೋ ಯಂತ್ರದ ಕೆಲಸ ಎಂದು ಕಂಪನಿ ನಿರ್ಧರಿಸಿತು.

ಮಾವನದು ಬ್ರೂಕ್‌ಫೀಲ್ಡ್ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಹಾಗಾಗಿ ಖಾತೆ ಹೋದದ್ದಕ್ಕೆ ಅವರು ಅತ್ತುಕೊಂಡು ಕೂರಲಿಲ್ಲ. “ಬೇರೆಯೋರ ಮನೇಲಿದ್ರೆ ಇಂಗೇ ಕಣ್ಲಾ, ಯಾವತ್ತಾದ್ರೂ ಒರಗಾಕ್ತಾರೆ. ಸ್ವಂತ ಮನೆ ಕಟ್ಬೇಕು!” ಅಂದರು.

ಎರಡನೇ ಮಹಡಿಯ ಬಾಡಿಗೆದಾರ ಇಂಜಿನಿಯರು ಸಿಕ್ಕಿಬಿದ್ದ. ಮೆಟ್ಟಿಲ ಕೆಳಗೆ ಒಂದು ಹಳೇ ಕಂಪ್ಯೂಟರ್ ಇಟ್ಟು, ಮಾವನದೇ ಒಂದು ಪುಟ್ಟ ಸೋಷಿಯಲ್ ಮೀಡಿಯಾ ಸರ್ವರ್ ಶುರು ಮಾಡಿಕೊಟ್ಟ. ಈ ಪದ್ಧತಿಯಲ್ಲಿ ಎಲ್ಲಕ್ಕೂ ಒಬ್ಬನೇ ಯಜಮಾನ ಅಂತಿಲ್ಲ. ಯಾರು ಬೇಕಾದರೂ ಸರ್ವರ್ ಇಟ್ಟುಕೊಳ್ಳಬಹುದು, ಕಾಯಿದೆ ಅವರವರದು, ಒಂದರಲ್ಲಿ ಬರೆದದ್ದರ ನಕಲು ಉಳಿದವುಗಳಿಗೂ ಹೋಗುತ್ತದೆ. ಇದನ್ನು ವಿವರಿಸಲು ಇಂಜಿನಿಯರು ಒಂದು ಗಂಟೆಯ ತಯಾರಿ ಮಾಡಿಕೊಂಡು ಬಂದಿದ್ದ. ಮಾವನಿಗೆ ಅರ್ಧ ನಿಮಿಷ ಸಾಕಾಯಿತು. “ಗೊತ್ತಾಯ್ತು ಬುಡಪ್ಪಾ. ಮನೆ ಬೇರೆ ಬೇರೆ, ಮಾತು ಕಾಂಪೌಂಡ್ ದಾಟ್ತದೆ.” ಸರ್ವರಿಗೆ ‘ಜಗುಲಿ’ ಅಂತ ಹೆಸರಿಟ್ಟರು.

ಎಡವಟ್ಟಾದದ್ದು ಮುಂದೆ. ಬೇರೆ ಕಡೆ ಖಾತೆ ತೆರೆಯಲು ಒಂದು ಇಮೇಲ್ ಸಾಕು. ಜಗುಲಿಗೆ ಎರಡು ಫೋಟೋ, ಆಧಾರ್ ಜೆರಾಕ್ಸು, ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು! ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದಿನ ಟೈಪಿಸ್ಟು ಮನೆ ಬಾಡಿಗೆ ಕರಾರನ್ನೇ ಅಷ್ಟಿಷ್ಟು ತಿದ್ದಿ ಕೊಟ್ಟಿದ್ದ. ‘ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಎಂಬುದು ಹಾಗೇ ಉಳಿದಿತ್ತು. ಕೊನೆಯ ಸಾಲು ಮಾತ್ರ ಮಾವ ಹೇಳಿ ಬರೆಸಿದ್ದು: ‘ಸದರಿ ಜಗುಲಿಯಲ್ಲಿ ಆಡುವ ಸಮಸ್ತ ಮಾತಿಗೂ ಮಾಲೀಕರೇ ಜವಾಬ್ದಾರರು.’ ದೊಡ್ಡ ದೊಡ್ಡ ಕಂಪನಿಗಳು ‘ಗೋಡೆ ಮಾತ್ರ ನಮ್ಮದು, ಬರಹ ನಮ್ಮದಲ್ಲ’ ಅನ್ನಲು ವಕೀಲರ ದಂಡನ್ನೇ ಸಾಕಿಕೊಂಡಿವೆ. ನಮ್ಮ ಮಾವನೋ, ಟೈಪಿಸ್ಟನ ಮುಂದೆ ಮೀಸೆ ತಿರುವಿ ಸಹಿ ಹಾಕಿ ಬಂದರು! ಇಷ್ಟಾದರೂ ಮೂವತ್ತೊಂದು ಜನ ಸೇರಿದರು. ಬಾಡಿಗೆದಾರರಿಗೆ ಬೇರೆ ದಾರಿಯಾದರೂ ಏನಿತ್ತು?

ದಿನಾ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಮಾವ ಜಗುಲಿಯ ಬರಹ ಅಳಿಸಲು ಕೂರುತ್ತಿದ್ದರು. ಮೂಲೆ ಹೋಟೆಲಿನ ಸಾಂಬಾರು ಸೂಪರ್ ಎಂದು ಒಬ್ಬ ಬರೆದ. ಮಾವ ಖುದ್ದಾಗಿ ಹೋಗಿ ತಿಂದು ಬಂದು, ‘ಸುಳ್ಳು’ ಎಂದು ಅಳಿಸಿದರು. ‘ಲೈಫ್ ಸಕ್ಕತ್ ಬೋರು’ ಎಂದು ಇನ್ನೊಬ್ಬ ಬರೆದರೆ, ಅಳಿಸಿದ್ದಲ್ಲದೆ ಮೂರನೇ ಮಹಡಿ ಹತ್ತಿ ಬಾಗಿಲು ಬಡಿದು, “ಯಾಕಪ್ಪಾ, ಉಂಡಿಲ್ವಾ?” ಎಂದು ವಿಚಾರಿಸಿದರು. ಜರ್ಮನಿಯ ಸರ್ವರಿನವನೊಬ್ಬ ನಮಸ್ಕಾರ ಕೂಡ ಹೇಳದೆ ನೇರ ವಾದಕ್ಕಿಳಿದ. ಮಾವ ಆ ಇಡೀ ಸರ್ವರಿಗೇ ಗೇಟು ಹಾಕಿಬಿಟ್ಟರು. ಸಾವಿರಾರು ಜನ ಜರ್ಮನ್ನರು ಮಾಡಿದ ತಪ್ಪೇನೆಂದು ತಿಳಿಯದೆ ಇವತ್ತಿಗೂ ಒದ್ದಾಡುತ್ತಿರಬಹುದು, ಪಾಪ!

ಹೀಗಿರುವಾಗ ವಕೀಲರ ನೋಟಿಸು ಬಂತು.

ಕೆಳಗಿನ ಒಂಟಿ ರೂಮಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯೊಬ್ಬಳಿದ್ದಳು. ಜಗುಲಿಯಲ್ಲಿ ಹೆಸರು ಹಾಕದೆ ಬರೆದಿದ್ದಳು: ‘ನಮ್ಮ ಫ್ಯಾಕ್ಟರಿಯಲ್ಲಿ ಬಾತ್‌ರೂಮಿಗೆ ಹೋದರೆ ಸೂಪರ್‌ವೈಸರ್ ಬಾಗಿಲ ಹೊರಗೆ ನಿಂತು ನಿಮಿಷ ಎಣಿಸುತ್ತಾನೆ. ಅದಕ್ಕೇ ನಾವು ಹೆಣ್ಣುಮಕ್ಕಳು ಬೆಳಗ್ಗಿಂದ ನೀರೇ ಕುಡಿಯುವುದಿಲ್ಲ.’ ಫ್ಯಾಕ್ಟರಿಯ ಹೆಸರನ್ನೂ ಬರೆದಿದ್ದಳು. ಮಾತು ಕಾಂಪೌಂಡ್ ದಾಟಿ ಹತ್ತಾರು ಸರ್ವರಿಗೆ ಹೋಗಿತ್ತು. ಅಳಿಸಬೇಕು, ಬರೆದವರ ಹೆಸರು ಕೊಡಬೇಕು, ಇಲ್ಲದಿದ್ದರೆ ಮಾಲೀಕರ ಮೇಲೆ ಮಾನನಷ್ಟ ಕೇಸು ಎಂದಿತ್ತು ಫ್ಯಾಕ್ಟರಿಯ ವಕೀಲರ ನೋಟಿಸು.

“ಅಳಿಸ್ಬಿಡಿ ಮಾವ. ಸಾಂಬಾರನ್ನೇ ಬಿಡದ ಕೈ ತಾನೇ ಅದು?” ಅಂದೆ.

“ಅಳಿಸಿದ್ರೆ ನಿಮ್ ತಲೆನೋವು ಅರ್ಧ ಕಮ್ಮಿ ಅಂಕಲ್,” ಅಂದ ಇಂಜಿನಿಯರು. “ಬೇರೆ ಸರ್ವರಲ್ಲಿರೋ ಕಾಪಿ ಅವರವರ ಪಾಡು. ಆದ್ರೆ ಹೆಸರು...”

ಎಲ್ಲರೂ ಬೀರುವಿನ ಕಡೆ ನೋಡಿದೆವು. ನಾವು ಇಷ್ಟು ದಿನ ಆಡಿಕೊಂಡು ನಗುತ್ತಿದ್ದ ಆಧಾರ್ ಜೆರಾಕ್ಸಿನ ಫೈಲು ಅದರೊಳಗಿತ್ತು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. “ಹೆಸರು ಗೊತ್ತಾದ್ರೆ ನಾಳೇನೇ ಕೆಲ್ಸದಿಂದ ತೆಗೀತಾರೆ ಅಂಕಲ್. ಬೇರೆ ಫ್ಯಾಕ್ಟ್ರೀಲೂ ಸೇರಿಸ್ಕೊಳಲ್ಲ.”

ಮಾವ ಕನ್ನಡಕ ತೆಗೆದರು. “ಬರ್ದಿದ್ದು ನಿಜ ಏನವ್ವಾ?”

“ನಿಜ ಅಂಕಲ್.”

“ಅಂಗಾದ್ರೆ ಅಳ್ಸಕ್ಕಾಗಕಿಲ್ಲ.”

ಮರುದಿನ ವಕೀಲರ ಕಚೇರಿಗೆ ಮಾವನ ಜೊತೆ ನಾನೂ ಹೋದೆ. ಮಾವ ತಮ್ಮ ಕರಾರುಪತ್ರ ಮೇಜಿನ ಮೇಲಿಟ್ಟು, “ಕೊನೇ ಸಾಲು ಓದಿ ಸಾರ್, ಸಮಸ್ತಕ್ಕೂ ನಾನೇ ಜವಾಬ್ದಾರ,” ಅಂದರು.

“ಅದಿರ್ಲಿ ಯಜಮಾನ್ರೇ. ಬರೆದಿದ್ದು ಯಾರು?”

“ನಾನೇ.”

ವಕೀಲರು ಮಾವನ ಪಂಚೆ ನೋಡಿದರು, ಹೆಗಲ ಟವೆಲು ನೋಡಿದರು, ಮೀಸೆಯನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು. “‘ನಾವು ಹೆಣ್ಣುಮಕ್ಕಳು ಬೆಳಗ್ಗಿಂದ ನೀರೇ ಕುಡಿಯುವುದಿಲ್ಲ.’ ಇದನ್ನ ಬರೆದಿದ್ದು ನೀವು?”

“ಔದು ಸಾರ್. ಕೇಸ್ ಆಕಿ. ಕೋರ್ಟಲ್ಲಿ ಎಲ್ರ ಮುಂದೆ ಇದ್ನೇ ಇನ್ನೊಂದ್ ಕಿತ ಜೋರಾಗ್ ಓದಿ.”

ವಕೀಲರು ಓದಲಿಲ್ಲ. ಕರಾರುಪತ್ರವನ್ನು ಮಡಿಸಿ ವಾಪಸು ಕೊಟ್ಟರು. ದಾರಿಯಲ್ಲಿ ನಾನು ಹೆದರಿಕೊಂಡೇ ಕೇಳಿದೆ, “ಪೊಲೀಸ್ರು ಬಂದು ಬೀರು ತೆಗೆಸಿದ್ರೆ?”

“ಏನದೆ ಅದ್ರಲ್ಲಿ? ಜೆರಾಕ್ಸೆಲ್ಲ ಬೆಳಿಗ್ಗೇನೇ ಅಂಡೆ ಒಲೆಗಾಕ್ದೆ. ನೀರು ಸಂದಾಗ್ ಕಾಯ್ತು.”

ಮುಂದಿನ ವಾರ ಬೆಳಿಗ್ಗೆಯೇ ಅವರ ಮನೆಗೆ ಹೋಗಿದ್ದೆ. ಕೇಸಿನ ಸುದ್ದಿಯೇ ಇರಲಿಲ್ಲ. ಮಾವ ಕಂಪ್ಯೂಟರ್ ಮುಂದೆ ಇರಲಿಲ್ಲ. ನೀರು ತುಂಬಿದ ಬಾಟಲಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಹುಡುಗಿ ಕೆಲಸಕ್ಕೆ ಹೊರಟು ಬಂದಳು.

“ಶುಭೋದಯ ಕಣವ್ವಾ. ನೀರು ಕುಡ್ಕೊಂಡ್ ಓಗು.”

ನಾನೂರು ಜನಕ್ಕೆ ಗುಲಾಬಿ ಕಳಿಸಿದ ಮನುಷ್ಯ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಈಗ ಬಾಗಿಲ ಹತ್ರ ಯಾರೂ ನಿಲ್ಲಲ್ಲ ಅಂಕಲ್,” ಎಂದು ಅವಳು ಬಾಟಲಿ ಇಸಿದುಕೊಂಡು, ಅಲ್ಲೇ ನಿಂತು, ಗಟಗಟ ಅಷ್ಟನ್ನೂ ಕುಡಿದಳು.