ದೇವರ ಮುಂದಿಟ್ಟ ಓಟು

ಚುನಾವಣೆ ಬಂತೆಂದರೆ ನಮ್ಮ ಆಂಜನೇಯನ ಗುಡಿಯಲ್ಲಿ ನಗುವಂಥದ್ದು ಏನಾದರೊಂದು ನಡೆಯದೇ ಹೋಗುತ್ತಿರಲಿಲ್ಲ. ಹನುಮಂತನಗರದ ಗುಡ್ಡದ ಕೆಳಗೆ ಬಹಳ ಕಾಲ ಅರ್ಚಕನಾಗಿದ್ದವನು ನಾನು; ಸ್ವಾಮಿ ನಗಿಸಿದಾಗಲೆಲ್ಲ ನಕ್ಕಿದ್ದೇನೆ. ಇದು ಐವತ್ತರ ದಶಕದ್ದು, ಓಟು ಎನ್ನುವುದೇ ನಮಗೆಲ್ಲ ಹೊಸದಾಗಿದ್ದ ಕಾಲದ ಮಾತು.

ಒಂದೇ ಹೂವು

ಗುಡಿಯ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಕ್ಕಳಿಲ್ಲ. ಚುನಾವಣೆಗೆ ನಿಂತ ವಕೀಲರೊಬ್ಬರು ಅವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, "ಹರಸಿ ಅಮ್ಮಾ" ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದರು. ಅಷ್ಟೇ. ಮಾರನೆಯ ದಿನದಿಂದ ವಕೀಲರ ಹೆಸರಲ್ಲಿ ಅರ್ಚನೆ ಶುರುವಾಯಿತು.

"ಅವರ ಗೋತ್ರ?" ಅಂದೆ.

"ನಂದೇ ಹೇಳಿ ಆಚಾರ್ರೇ. ಅಮ್ಮಾ ಅಂದಿದಾನಲ್ಲ!"

ಒಂದು ಬೆಳಿಗ್ಗೆ ಅಜ್ಜಿ ಹೂಪ್ರಸಾದ ಕೇಳಿ ನಿಂತರು. ಸ್ವಾಮಿಯ ಬಲಗಡೆಯಿಂದ ಹೂವು ಬಿದ್ದರೆ ಗೆಲುವು. ಅಷ್ಟರಲ್ಲಿ ಎದುರಾಳಿಯ ಕಡೆಯ ದರ್ಜಿಯೊಬ್ಬರೂ ಬಂದು ಕೈಮುಗಿದರು. ಬಲಗಡೆಯ ಸೇವಂತಿಗೆ ಬಿತ್ತು.

"ನನ್ನ ಮಗ ಗೆದ್ದ!"

"ತಾಳಿ ಅಜ್ಜಿ, ನಾನೂ ಕೇಳ್ಕೊಂಡಿದ್ದೆ. ಅದು ನಮ್ಮೋರಿಗೆ ಬಿದ್ದಿದ್ದು."

ಇಬ್ಬರೂ ನನ್ನ ಮುಖ ನೋಡಿದರು. ನಾನು ಸ್ವಾಮಿಯ ಮುಖ ನೋಡಿದೆ. ಆಮೇಲೆ ಎಸಳು ಬಿಡಿಸಿ ಇಬ್ಬರಿಗೂ ಅರ್ಧರ್ಧ ಕೊಟ್ಟೆ. ಇಬ್ಬರೂ ಗೆದ್ದಾಯಿತು, ಇನ್ನು ಓಟು ಹಾಕುವುದೊಂದೇ ಉಳಿದದ್ದು.

ಮೊದಲು ದೇವರಿಗೆ

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಚೀಟಿ ಇಸಿದುಕೊಂಡು ಒಳಗೆ ಹೋಗಿ ಬೇಕಾದವರ ಪೆಟ್ಟಿಗೆಗೆ ಹಾಕಿದರಾಯಿತು. ಅಜ್ಜಿ ತಲೆಗೆ ನೀರು ಹಾಕಿಕೊಂಡು ಮಡಿಯುಟ್ಟು ಎಲ್ಲರಿಗಿಂತ ಮೊದಲು ಹೋಗಿಬಂದರು. ಮಧ್ಯಾಹ್ನ ನೋಡಿದರೆ ಮತ್ತೆ ಹೊರಟಿದ್ದಾರೆ.

"ಎಲ್ಲಿಗೆ ಅಜ್ಜಿ?"

"ಓಟು ಹಾಕೋಕೆ."

"ಬೆಳಿಗ್ಗೆ ಹೋಗಿದ್ರಲ್ಲ?"

"ಆಗ ಚೀಟಿ ಇಸ್ಕೊಂಡು ಬಂದೆ. ಮದುವೆ ಕಾಗದ ಬಂದ್ರೂ ಮೊದಲು ದೇವರ ಮುಂದೆ ಇಡ್ತೀವಿ. ಓಟನ್ನ ಹಾಗ್ಹಾಗೇ ಹಾಕಕ್ಕಾಗತ್ತಾ? ಈಗ ನೈವೇದ್ಯ ಆಯ್ತು."

ಮತಗಟ್ಟೆಯ ಬಾಗಿಲಲ್ಲಿದ್ದ ಪೊಲೀಸಪ್ಪ ಬೆರಳಿನ ಶಾಯಿ ನೋಡಿ, "ನಿಮ್ದು ಆಗಿದೆ, ಹೋಗಜ್ಜಿ" ಎಂದನಂತೆ.

"ದೇವರದ್ದು ಆಗಿದೆ ಕಣಪ್ಪ, ನಂದಿನ್ನೂ ಆಗಿಲ್ಲ!"

ಅವನು ಕೇಳಬೇಕಲ್ಲ. ಓಟು ಸೆರಗಿನ ಗಂಟಿನಲ್ಲೇ ಮನೆಗೆ ವಾಪಸು ಬಂತು.

ಅಜ್ಜಿಯ ಹತ್ತಿರ ಉಳಿದದ್ದು

ವಕೀಲರು ಸೋತರು. "ನನ್ನಿಂದಲೇ ಸೋತ" ಎಂದು ಅಜ್ಜಿ ಊಟ ಬಿಟ್ಟು ಕೂತರು. ನಾನು ಹೇಳಿದ ಸಮಾಧಾನವೊಂದೂ ನಾಟಲಿಲ್ಲ. ಕೊನೆಗೆ ಬಸವನಗುಡಿಗೆ ನಡೆದುಕೊಂಡು ಹೋಗಿ ವಕೀಲರನ್ನೇ ಕರೆತಂದೆ. ಪಾಪ, ಅವರ ಮುಖವೂ ಬಾಡಿತ್ತು. ಹಾರ ಹಾಕಿ ಹಿಂದೆ ಓಡಾಡಿದವರೆಲ್ಲ ಗೆದ್ದವರ ಅಂಗಳದಲ್ಲಿದ್ದರು. ಮನೆಯಲ್ಲಿ ಇವರೊಬ್ಬರೇ.

ಅದೇ ಜಗಲಿ, ಅದೇ ಮಜ್ಜಿಗೆ. ಅಜ್ಜಿ ದೇವರ ಮುಂದಿದ್ದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

"ತಪ್ಪಾಯ್ತಪ್ಪಾ. ನಿನ್ನ ಓಟು ನನ್ನ ಹತ್ರಾನೇ ಉಳಿದುಬಿಡ್ತು."

ಅರಿಶಿನ ಕುಂಕುಮ ಹತ್ತಿದ್ದ ಆ ಚೀಟಿಯನ್ನು ವಕೀಲರು ಕಣ್ಣಿಗೊತ್ತಿಕೊಂಡರು.

"ಅಮ್ಮಾ, ನಿಮ್ಮದೊಂದರಿಂದ ಸೋತಿಲ್ಲ. ನಂಗೆ ಸಾವಿರಾರು ಓಟು ಕಮ್ಮಿ ಬಿತ್ತು."

ಅಜ್ಜಿಯ ಮುಖ ದೀಪ ಹಚ್ಚಿದ ಹಾಗೆ ಅರಳಿತು.

"ನೋಡಿದ್ಯಾ ಮತ್ತೆ! ಅಷ್ಟೂ ಓಟು ಅವರವರ ಮನೇಲಿ ದೇವರ ಮುಂದೇನೇ ಇದೆ ಕಣಪ್ಪಾ!"