ಭುಜಂಗ ಜಪಾನಿ ಹಾಡು ಆರಿಸಿದ್ದು

ಎಲ್ಲಕ್ಕೂ ಕಾರಣ ಒಂದು ಸೀನು.

ಠಾಣೆಯ ವಾಗ್ಳೆ ಎಸ್ಟೇಟಿನ ವಾಲ್ವ್ ಫ್ಯಾಕ್ಟರಿಯಲ್ಲಿ ಭುಜಂಗ ಸ್ಟೋರ್‌ಕೀಪರ್. ಗುರುವಾರ ಸಂಜೆ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಕೆಳಗಿಳಿಸುವಾಗ ಅವನಿಗೆ ಸೀನು ಬಂತು. ರ‍್ಯಾಕಿನ ಮೇಲಿದ್ದ ಬೋಲ್ಟುಗಳು ಕಿಣಿಕಿಣಿ ಅಂದವು. ತಿರುಗಿ ನೋಡಿದರೆ ಬಾಗಿಲಲ್ಲಿ ಜಪಾನಿನಿಂದ ಬಂದಿದ್ದ ದೊಡ್ಡ ಸಾಹೇಬರು, ಹಿರಾನೊ.

"ಸಾರಿ ಸರ್," ಎಂದ ಭುಜಂಗ. ಪಾಳುಬಾವಿಯ ತಳದಲ್ಲಿ ಯಾರೋ ಕಲ್ಲುಗುಂಡು ಉರುಳಿಸಿದ ಹಾಗಿತ್ತು ಆ ದನಿ.

ಹಿರಾನೊ ಕಣ್ಣರಳಿಸಿದರು. "ಓ! ಗುಡ್ ಲೋ ವಾಯ್ಸ್! ಕರೋಕೆ, ವೆರಿ ಗುಡ್!" ಎಂದು ಸೊಂಟ ಬಾಗಿಸಿ ಹೊರಟುಹೋದರು. ಅವರಿಗದು ಅಲ್ಲಿಗೇ ಮರೆತುಹೋಗಿರಬೇಕು. ಆದರೆ ಅವರ ಹಿಂದೆಯೇ ಬಂದಿದ್ದ ಮ್ಯಾನೇಜರ್ ಗುಪ್ತೆ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಡೊಂಬಿವಲಿಯ ಮನೆಯಲ್ಲಿ ಭುಜಂಗ ಹಲ್ಲುಜ್ಜುತ್ತಿದ್ದಾಗಲೇ ಫೋನು ಬಂತು.

"ಭುಜಂಗ್, ಇವತ್ತು ಸಂಜೆ ಘೋಡಬಂದರ್ ರೋಡಿನ ಹೋಟೆಲಲ್ಲಿ ಹಿರಾನೊ ಸಾಹೇಬರಿಗೆ ಡಿನ್ನರ್. ಕರೋಕೆ ಇದೆ. ನೀನು ಜಪಾನಿ ಹಾಡು ಹಾಡ್ತೀಯ," ಎಂದರು ಗುಪ್ತೆ.

"ಸರ್, ನಾನು ಗಣಪತಿ ಆರತಿಗೂ ಬಾಯಿ ಮಾತ್ರ ಆಡಿಸುವವನು!"

"ನಾಳೆ ಪಟ್ಟಿ ಬರುತ್ತೆ, ಗೊತ್ತಲ್ಲ?" ಎಂದಷ್ಟೇ ಹೇಳಿ ಗುಪ್ತೆ ಫೋನಿಟ್ಟರು.

ಪಟ್ಟಿಯ ಹೆಸರು ಕೇಳಿದ್ದೇ ಭುಜಂಗನ ಬಾಯಲ್ಲಿದ್ದ ಪೇಸ್ಟು ಒಳಗಿಳಿಯಿತು. ಕಂಪನಿ ಗುಜರಾತಿನ ಕಡಲಂಚಿನಲ್ಲಿ ಹೊಸ ಪ್ಲಾಂಟ್ ತೆರೆಯುತ್ತಿತ್ತು. ಸುತ್ತ ಉಪ್ಪಿನ ಗದ್ದೆ, ಬಳ್ಳಾರಿ ಜಾಲಿ ಬಿಟ್ಟರೆ ಅಲ್ಲಿ ಏನೂ ಇಲ್ಲ ಎಂದು ನೋಡಿ ಬಂದವರು ಹೇಳುತ್ತಿದ್ದರು. ಠಾಣೆಯಿಂದ ಹನ್ನೆರಡು ಜನರನ್ನು ಅಲ್ಲಿಗೆ ಕಳಿಸುವುದು ಖಂಡಿತ. ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದು ಹಿರಾನೊ ಅವರೊಬ್ಬರಿಗೇ ಗೊತ್ತು. ಭುಜಂಗ ಹದಿನಾಲ್ಕು ವರ್ಷ ಬಾಡಿಗೆ ಖೋಲಿಗಳಲ್ಲಿ ಕಳೆದು ಸ್ವಂತ ಫ್ಲ್ಯಾಟಿಗೆ ಬಂದು ಎರಡೇ ತಿಂಗಳಾಗಿತ್ತು. ಮಗಳು ಮಾನಸಿ ಹನ್ನೆರಡನೆಯ ತರಗತಿ.

"ಹಾಡಿ ಮಾರಾಯ್ರೆ," ಎಂದಳು ಹೆಂಡತಿ ಜಯಲತಾ. "ಎಂಥ ಹೋಗ್ತದೆ? ಒಂದು ಹಾಡಿಗೆ ಆ ಪುಣ್ಯಾತ್ಮ ಖುಷಿಯಾದ್ರೆ ನಾವು ಇಲ್ಲೇ ಉಳೀತೇವೆ."

"ಪಪ್ಪಾ, ಪ್ಲೀಸ್ ಮತ್ ಗಾವೋ," ಎಂದಳು ಮಾನಸಿ, ಪುಸ್ತಕದಿಂದ ತಲೆಯೆತ್ತದೆ. "ಆಪ್ ಖಾಂಸ್ತೇ ಹೋ ತೋ ನೀಚೇ ಗಾಡಿಯೋಂಕಾ ಅಲಾರಂ ಬಜ್ತಾ ಹೈ."

ಕೆಮ್ಮಿದರೇ ಕೆಳಗೆ ನಿಂತ ಕಾರುಗಳ ಅಲಾರಂ ಹೊಡೆದುಕೊಳ್ಳುವ ಗಂಟಲನ್ನು ಹೊತ್ತು ಭುಜಂಗ ಲೋಕಲ್ ರೈಲು ಹತ್ತಿದ.

ಫ್ಯಾಕ್ಟರಿಯಲ್ಲಿ ಜಪಾನಿ ಬಲ್ಲವಳು ಒಬ್ಬಳೇ, ದುಭಾಷಿ ಅಶ್ಮಿತಾ. ಹಿರಾನೊ ಅವರ ಮೀಟಿಂಗಿಗೆ ಓಡುತ್ತಲೇ ಅವಳು ಭುಜಂಗನ ಮೊಬೈಲಿಗೆ ಮೂರು ಹಾಡು ಕಳಿಸಿದಳು. "ಅಂಕಲ್, ಮೂರೂ ದಪ್ಪ ದನಿಯ ಗಂಡಸರು ಹಾಡೋದೇ. ನಿಮ್ಮ ಗಂಟಲಿಗೆ ಯಾವುದು ಕೂರುತ್ತೆ ನೋಡ್ಕೊಳ್ಳಿ. ಎರಡನೆಯದು ಅಮ್ಮನ ಬಗ್ಗೆ, ಎಲ್ಲರಿಗೂ ಇಷ್ಟ ಆಗುತ್ತೆ."

"ಮತ್ತೆ ಉಳಿದ ಎರಡು?"

"ಅಯ್ಯೋ, ಆ ಥರದ ಹಾಡೆಲ್ಲ ಒಂದೇ ಅಂಕಲ್. ಸಮುದ್ರ, ಹಿಮ, ಕುಡಿತ, ಕಣ್ಣೀರು." ಅವಳು ಮೆಟ್ಟಿಲು ಹತ್ತಿಬಿಟ್ಟಳು.

ಕಲಿಸುವ ಜವಾಬ್ದಾರಿಯನ್ನು ಗುಪ್ತೆ ಪರ್ಚೇಸಿನ ಯಜ್ಞೇಶ್ವರನಿಗೆ ವಹಿಸಿದರು. ಅವನು ಭಜನಾ ಮಂಡಳಿಯಲ್ಲಿ ತಾಳ ಹಾಕುವವನು. ಸ್ಟೋರಿನ ಬಾಗಿಲು ಮುಚ್ಚಿ ಇಬ್ಬರೂ ಮೊಬೈಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕೇಳಿದ್ದನ್ನು ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳುವುದು, ಆಮೇಲೆ ಹಾಡುವುದು ಎಂದಾಯಿತು.

ಮೊದಲನೆಯ ಹಾಡು ಪಲ್ಲವಿಯಲ್ಲಿ ಗಂಭೀರವಾಗಿಯೇ ಇದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಮೇಲೇರಿತು. ಭುಜಂಗನ ದನಿಯೂ ಹಿಂದೆಯೇ ಹೊರಟಿತು, ಏಣಿ ಹತ್ತಲು ಹೋದ ಕೋಣದ ಹಾಗೆ. ಅರ್ಧಕ್ಕೇ ಬಾಗಿಲು ದಡಾರೆಂದು ತೆರೆಯಿತು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಮೆಂಟೆನೆನ್ಸಿನ ಚನಿಯ ನಿಂತಿದ್ದ.

"ಕಂಪ್ರೆಸರಿನ ಬೇರಿಂಗ್ ಹೋಗಿದೆ, ಇಲ್ಲಿಂದ್ಲೇ ಶಬ್ದ ಬರ್ತಾ ಉಂಟು!"

"ಅದು ನಮ್ಮ ಭುಜಂಗ," ಎಂದ ಯಜ್ಞೇಶ್ವರ.

ಚನಿಯ ಭುಜಂಗನನ್ನು ಮೇಲಿಂದ ಕೆಳಗೆ ನೋಡಿ, "ಸ್ವಲ್ಪ ಎಣ್ಣೆ ಬಿಟ್ಟು ನೋಡಿ," ಎಂದು ಹೇಳಿ ಹೋದ.

ಎರಡನೆಯದು ಸರಿಹೋಯಿತು. ಮೆಲ್ಲಗೆ ಸಾಗುವ ಹಾಡು, ಎರಡೇ ಕಡೆ ಏರು. ಹನ್ನೆರಡೂವರೆಯ ಹೊತ್ತಿಗೆ ಭುಜಂಗ ಅಮ್ಮನ ಹಾಡನ್ನು ತಪ್ಪಿಲ್ಲದೆ ಹೇಳುತ್ತಿದ್ದ. "ಇದೇ ಸಾಕು ಮಾರಾಯ, ಬದುಕಿದೆವು," ಎಂದ ಯಜ್ಞೇಶ್ವರ. ಪಟ್ಟಿಯ ಹೆದರಿಕೆಯಿಂದ ಅವನಿಗೂ ವಾರದಿಂದ ನಿದ್ದೆ ಇರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇಡೀ ಫ್ಯಾಕ್ಟರಿಗೆ ಭುಜಂಗನ ಗಂಟಲಿನ ಚಿಂತೆ ಹತ್ತಿತು. ಕ್ಯಾಂಟೀನಿನ ಗಂಗಾ ಶುಂಠಿ ಕಷಾಯ ತಂದಳು. ಗುಪ್ತೆ ಕಾಳುಮೆಣಸು ಅರೆದು ಜೇನಿನಲ್ಲಿ ಕಲಸಿ, ತಾವೇ ಮುಂದೆ ನಿಂತು ನೆಕ್ಕಿಸಿದರು. ಅಕೌಂಟ್ಸಿನವರೊಬ್ಬರು ಹಸಿ ಬೆಳ್ಳುಳ್ಳಿ ಕೊಟ್ಟರು. ಪ್ಯಾಕಿಂಗಿನವರು ಉಪ್ಪುನೀರು ಮುಕ್ಕಳಿಸಲು ಕೊಟ್ಟರೆ ಗಾಬರಿಯಲ್ಲಿ ಅವನು ಅದನ್ನೂ ಕುಡಿದ. ಮೂರೂವರೆಗೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಐದಕ್ಕೆ ದನಿ ಮರಳಿತು. ಆದರೆ ಬೆಳಿಗ್ಗೆ ಇದ್ದಲ್ಲಿಗೆ ಅಲ್ಲ, ಅದಕ್ಕೂ ಒಂದು ಮಹಡಿ ಕೆಳಗೆ.

ಅಮ್ಮನ ಹಾಡಿನ ಏರಿನಲ್ಲಿ ಈಗ ಏನೂ ಕೇಳಿಸುತ್ತಿರಲಿಲ್ಲ. ಅಮ್ಮ ಬರುವ ಜಾಗದಲ್ಲೆಲ್ಲ ಬರೀ ಉಸಿರು.

"ಮೂರನೆಯದೇ ಗತಿ," ಎಂದ ಯಜ್ಞೇಶ್ವರ ಬೆವರೊರೆಸುತ್ತ.

ಮೂರನೆಯ ಹಾಡು ಮೊದಲಿಂದ ಕೊನೆಯವರೆಗೆ ನೆಲ ಬಿಟ್ಟು ಮೇಲೇಳದ ಹಾಡು. ಅವನಿಗೆಂದೇ ಅಳತೆ ತೆಗೆದು ಹೊಲಿದ ಹಾಗಿತ್ತು. 'ಇಕಸೆತೆ ಕುರೆ' ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು.

"ಇದರ ಅರ್ಥ ಎಂಥದು ಯಜ್ಞೇಶ?"

"ಸಮುದ್ರವೋ ಕುಡಿತವೋ ಇರಬೇಕು. ಅರ್ಥ ಕಟ್ಟಿಕೊಂಡು ಏನು ಮಾಡ್ತೀ? ದನಿ ಕೂತಿತಲ್ಲ!"

ಭುಜಂಗ ಅಶ್ಮಿತಾಗೆ ಎರಡು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ, ಮೀಟಿಂಗಿನಲ್ಲಿದ್ದಳು.

ಏಳೂವರೆಗೆ ಹೋಟೆಲಿನ ಹಾಲ್ ತುಂಬಿತ್ತು. ಗುಪ್ತೆ ಮೈಕ್ ಹಿಡಿದು, "ನಮ್ಮ ಭುಜಂಗ್ ಈ ಹಾಡನ್ನು ತಾನೇ ಆರಿಸಿದ್ದಾನೆ. ಇದು ಅವನ ಹೃದಯದ ಮಾತು," ಎಂದು ಹಿಂದಿಯಲ್ಲಿ ಘೋಷಿಸಿದರು. ಅಶ್ಮಿತಾ ಅದನ್ನು ಚಾಚೂ ತಪ್ಪದೆ ಜಪಾನಿಗೆ ತಿರುಗಿಸಿದಳು. ಹಿರಾನೊ ಗ್ಲಾಸು ಕೆಳಗಿಟ್ಟು ನೆಟ್ಟಗೆ ಕೂತರು.

ಭುಜಂಗ ಚೀಟಿ ಹಿಡಿದು, ಕಣ್ಣು ಮುಚ್ಚಿ, ಕಟೀಲಿನ ಅಮ್ಮನನ್ನು ನೆನೆದು ಶುರುಮಾಡಿದ. ನೆಲದ ಕೆಳಗಿಂದ ರೈಲು ಬರುತ್ತಿರುವ ಹಾಗೆ ದನಿ ಎದ್ದಿತು. ಮೇಜಿನ ಮೇಲಿನ ಚಮಚಗಳು ನಡುಗಿದವು. ಎರಡನೆಯ ಚರಣಕ್ಕೆ ಹಿರಾನೊ ಕನ್ನಡಕ ತೆಗೆದರು. ಮೂರನೆಯದಕ್ಕೆ ಕಣ್ಣೊರೆಸಿಕೊಂಡರು. ಹಾಡು ಮುಗಿದಾಗ ಎದ್ದು ಬಂದು ಭುಜಂಗನ ಎರಡೂ ಕೈ ಹಿಡಿದು ಏನೇನೋ ಹೇಳಿದರು.

ಗೆದ್ದೆ ಅಂದುಕೊಂಡ ಭುಜಂಗ. ನಾಳೆಯೂ ಡೊಂಬಿವಲಿ, ನಾಡಿದ್ದೂ ಡೊಂಬಿವಲಿ. "ಏನಂತೆ ಅಶ್ಮಿತಾ?" ಎಂದು ಕೇಳಿದ.

ಅಶ್ಮಿತಾಳ ಮುಖ ಬಿಳಿಚಿಕೊಂಡಿತ್ತು.

"ಅಂಕಲ್... ನಿಮ್ಮ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲವಂತೆ. ನೀವು ಊರು ಬಿಡಲಾರಿರಿ, ಸಂಸಾರ ಇದೆ ಅಂತ ಸರ್ ಮೊದಲೇ ಬಿಟ್ಟಿದ್ದರಂತೆ."

"ಹಾಗಾದ್ರೆ?"

"ನೀವು ಹಾಡಿದ್ದರ ಅರ್ಥ, 'ತಡೆಯಬೇಡಿ ನನ್ನನ್ನು. ಈ ಊರು ಸಾಕಾಗಿದೆ. ಬಡಗಣ ಕಡಲಂಚಿಗೆ, ಯಾರೂ ಇಲ್ಲದಲ್ಲಿಗೆ ನನ್ನನ್ನು ಹೋಗಗೊಡಿ' ಅಂತ. ಇಂಥ ಆಸೆಯನ್ನು ಬಾಯಿಬಿಟ್ಟು ಕೇಳಲು ಸಂಕೋಚಪಟ್ಟು ನೀವು ಹಾಡಿನಲ್ಲಿ ಕೇಳಿದಿರಂತೆ. ನೆರವೇರಿಸದಿದ್ದರೆ ಪಾಪ ಬರುತ್ತೆ ಅಂತಿದ್ದಾರೆ."

"ನೋ ಸರ್! ನೋ, ನೋ!" ಭುಜಂಗ ಗುಡುಗಿದ.

ಆ ವಿನಯಕ್ಕೆ ಹಿರಾನೊ ಇನ್ನಷ್ಟು ಕರಗಿ, ಇನ್ನೂ ಕೆಳಗೆ ಬಾಗಿದರು. ಜೇಬಿನಿಂದ ಮಡಚಿದ ಕಾಗದ ತೆಗೆದು, ಒಂದು ಹೆಸರು ಬರೆದು, ಲೆಕ್ಕ ಹನ್ನೆರಡೇ ಇರಬೇಕಲ್ಲ ಎಂದು ಇನ್ನೊಂದನ್ನು ಹೊಡೆದುಹಾಕಿದರು. ಹೊಡೆದ ಹೆಸರು ಯಜ್ಞೇಶ್ವರನದು. ಅವನು ಭುಜಂಗನನ್ನು ತಬ್ಬಿಕೊಂಡು, "ಛೇ, ಹೀಗಾಗಬಾರದಿತ್ತು ಮಾರಾಯ," ಎಂದ. ಗೆಳೆಯನ ಭುಜಕ್ಕೆ ಮುಖ ಒತ್ತಿಕೊಂಡಿದ್ದರಿಂದ ಅವನ ನಗು ಯಾರಿಗೂ ಕಾಣಲಿಲ್ಲ.

ಭುಜಂಗ ಗುಪ್ತೆಯವರ ಕಡೆ ತಿರುಗಿ ಕೈಮುಗಿದ. "ಸರ್, ನೀವಾದರೂ ಹೇಳಿ ಸರ್."

"ಈಗ ಏನು ಹೇಳೋದು? ಸಾಹೇಬರ ಕಣ್ಣೀರು ಇನ್ನೂ ಆರಿಲ್ಲ," ಎಂದರು ಗುಪ್ತೆ. ಅಷ್ಟರಲ್ಲಿ ಹಿರಾನೊ ಅಶ್ಮಿತಾಳ ಕಿವಿಯಲ್ಲಿ ಇನ್ನೇನೋ ಹೇಳಿದರು. ಅವಳು ಮೈಕನ್ನು ಮೆಲ್ಲಗೆ ಭುಜಂಗನ ಕೈಗಿಟ್ಟಳು.

"ಇನ್ನೊಂದು ಸಲ ಹಾಡಬೇಕಂತೆ ಅಂಕಲ್."

ಭುಜಂಗ ಹಾಡಿದ. ಈ ಸಲ ಚೀಟಿ ನೋಡಲಿಲ್ಲ, ನೋಡಿದ್ದರೂ ಅಕ್ಷರ ಕಾಣುತ್ತಿರಲಿಲ್ಲ. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

ಮೊದಲ ಸಲಕ್ಕಿಂತ ಇದೇ ಚೆನ್ನಾಗಿ ಬಂತು ಎಂದು ಎಲ್ಲರೂ ಹೇಳಿದರು.