ನನ್ನ ಮಗನನ್ನು ಅಂಗಳದಲ್ಲಿ ಒಂಟಿಯಾಗಿ ಮಲಗಿಸುವ ಹಕ್ಕಿನ ಕುರಿತು

ಮಲಾವಿ ದೇಶದ ಝೋಂಬಾ ನಗರದಲ್ಲಿ ನಮ್ಮ ಬೀದಿಯ ಮುಖ್ಯಸ್ಥೆಯಾಗಿರುವ ಶ್ರೀಮತಿ ಲಿಜ್ನೆಟ್ ನಾಂಕುಮ್ವಾ ಅವರ ಸನ್ನಿಧಾನಕ್ಕೆ, ಅದೇ ಬೀದಿಯ ಕೊನೆಯ ಮನೆಯ ಬಾಡಿಗೆದಾರಳೂ ಡೆನ್ಮಾರ್ಕಿನವಳೂ ಆದ ಟೋವೆ ಡಾಮ್‌ಗೋರ್ ಎಲ್ಲರೆದುರು ಬರೆದುಕೊಳ್ಳುವುದು.

ಮಾನ್ಯರೇ,

ತಾವು ಚೆನ್ನಾಗಿ ಎದ್ದಿದ್ದರೆ ನಾನೂ ಚೆನ್ನಾಗಿ ಎದ್ದಿದ್ದೇನೆ. ತಮ್ಮ ಮನೆಯವರು, ಮೊಮ್ಮಕ್ಕಳು, ಕೋಳಿಗಳು ಎಲ್ಲರೂ ಕ್ಷೇಮವೆಂದು ನಂಬುತ್ತೇನೆ. ಇಷ್ಟನ್ನು ವಿಚಾರಿಸದೆ ದೂರು ಹೇಳುವುದು ಈ ಊರಿನಲ್ಲಿ ಅಸಭ್ಯತನವೆಂದು ನನಗೆ ಕಲಿಸಿದವರು ತಾವೇ.

ದೂರು ಇದು. ನನ್ನ ಮಗ ಆಸ್ಗರನನ್ನು ನಮ್ಮದೇ ಅಂಗಳದಲ್ಲಿ ಒಂಟಿಯಾಗಿ ಮಲಗಿಸುವ ಹಕ್ಕನ್ನು ತಾವು ಕಳೆದ ವರ್ಷದ ಜೂನ್ ತಿಂಗಳಲ್ಲಿ ನನ್ನಿಂದ ಕಿತ್ತುಕೊಂಡಿರಿ. ಅದು ನನಗೆ ಮರಳಿ ಬೇಕು. ಬರುವ ಡಿಸೆಂಬರಿಗೆ ನನ್ನ ಗಂಡ ಯೆಪ್ಪೆಯ ಇಲ್ಲಿನ ಕೆಲಸ ಮುಗಿದು ನಾವು ಡೆನ್ಮಾರ್ಕಿಗೆ ಮರಳಬೇಕು. ನಮ್ಮೂರಿನ ಶಿಶುಗೃಹದಲ್ಲಿ ಮಕ್ಕಳನ್ನು ಮಧ್ಯಾಹ್ನ ಬಯಲಿನಲ್ಲಿ ಸಾಲಾಗಿ, ಒಬ್ಬೊಬ್ಬರನ್ನು ಒಂದೊಂದು ತಳ್ಳುಗಾಡಿಯಲ್ಲಿ ಮಲಗಿಸುತ್ತಾರೆ. ನನ್ನ ಮಗನಿಗೆ ಒಂಟಿಯಾಗಿ ನಿದ್ದೆ ಮಾಡುವುದೇ ಗೊತ್ತಿಲ್ಲ. ಡಿಸೆಂಬರಿನೊಳಗೆ ಕಲಿಯದಿದ್ದರೆ ಅಲ್ಲಿ ಅವನ ಗತಿ ಏನು?

ತಿಳಿಯದವರಿಗಾಗಿ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಡೆನ್ಮಾರ್ಕಿನಲ್ಲಿ ಹಸುಗೂಸುಗಳು ಹಗಲು ಮಲಗುವುದು ಮನೆಯ ಹೊರಗೆ. ಹಿಮ ಬಿದ್ದರೂ ಅಷ್ಟೆ. ಕಾಫಿ ಅಂಗಡಿಗೆ ಹೋದರೆ ತಾಯಿ ಒಳಗೆ, ಮಗು ಹೊರಗೆ. ನನ್ನ ಅಜ್ಜಿ ಹೀಗೆಯೇ ಬೆಳೆದರು, ನನ್ನ ತಾಯಿ ಹೀಗೆಯೇ ಬೆಳೆದರು, ಆ ಬಗ್ಗೆ ಯಾರೂ ಸಭೆ ಕರೆದ ದಾಖಲೆಯಿಲ್ಲ. ಆ ಜೂನಿನಲ್ಲಿ, ಎಂದರೆ ಇಲ್ಲಿನ ಚಳಿಗಾಲದಲ್ಲಿ, ಗುಡ್ಡದ ಮೇಲಿಂದ ಚಿಪೆರೋನಿ ಎಂಬ ಮಂಜು ಇಳಿದು, ಬೀದಿಯೆಲ್ಲ ತಣ್ಣನೆಯ ತುಂತುರಿನಲ್ಲಿ ಮುಳುಗಿ, ತಾವೆಲ್ಲರೂ ಕಂಬಳಿ ಹೊದ್ದು ಒಲೆಯ ಮುಂದೆ ಕೂತಾಗ, ನನಗೆ ಮಾತ್ರ ತವರಿನ ಹವೆ ಬಂದಂತಾಯಿತು. ಆಗಿನ್ನೂ ತೆವಳುತ್ತಿದ್ದ ಆಸ್ಗರನಿಗೆ ಉಣ್ಣೆಯ ಬಟ್ಟೆ ತೊಡಿಸಿ, ತಳ್ಳುಗಾಡಿಯಲ್ಲಿ ಮಲಗಿಸಿ, ಬೆಣ್ಣೆಹಣ್ಣಿನ ಮರದಡಿ ನಿಲ್ಲಿಸಿ, ಒಳಗೆ ಹೋಗಿ ಕಾಫಿ ಕುಡಿದೆ. ಹೊರಗೆ ಬಂದಾಗ ಗಾಡಿ ಇತ್ತು, ಅಂದವಾಗಿ ಮಡಿಸಿಟ್ಟ ಹೊದಿಕೆ ಇತ್ತು, ಮಗು ಇರಲಿಲ್ಲ.

ನಾನು ಕಿರುಚಿಕೊಂಡು ತಮ್ಮ ಜಗಲಿಗೆ ಓಡಿ ಬಂದಾಗ ಅಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಟೊಮೇಟೊ ಮಾರುವ ಫೈನೆಸ್ ಅವರ ಬೆನ್ನಿನಲ್ಲಿ ಚಿತೇಂಜೆ ಬಟ್ಟೆಯಿಂದ ಬಿಗಿದ ಆಸ್ಗರ್ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. "ಈ ಚಳೀಲಿ ಕೂಸನ್ನ ಮರದ ಕೆಳಗೆ ಬಿಟ್ಟವ್ರೆ ಅಂದ್ರೆ ಅವರವ್ವ ಸತ್ತೇ ಹೋಗಿರ್ಬೇಕು ಅಂದ್ಕೊಂಡ್ವಿ ಕಣವ್ವ" ಎಂದು ಫೈನೆಸ್ ವಿವರಿಸಿದರು. ಸಾವಿನ ಮನೆಗೆ ಒಯ್ಯುವ ಪದ್ಧತಿಯಂತೆ ಮನೆಮನೆಯಿಂದ ಮೆಕ್ಕೆಜೋಳದ ಹಿಟ್ಟು ಕೂಡಿಸಿಯಾಗಿತ್ತು. ನನ್ನ ತಿಥಿಯ ಬುಟ್ಟಿಯನ್ನು ನಾನೇ ಕಣ್ಣಾರೆ ಕಂಡೆ. ತಾಯಿ ಬದುಕಿದ್ದಾಳೆಂದು ತಿಳಿದ ಮೇಲೆ ಸಭೆಯ ಅಭಿಪ್ರಾಯ ಇನ್ನಷ್ಟು ಕೆಟ್ಟಿತು, ಸತ್ತಿದ್ದರೆ ಕ್ಷಮಿಸಬಹುದಿತ್ತು.

ಮಗುವಿಗೆ ಒಳ್ಳೆಯ ಗಾಳಿ ಬೇಕೆಂದು ನಾನು ವಿನಯದಿಂದ ವಾದಿಸಿದೆ. "ಗಾಳಿ ಬೇಕಂದ್ರೆ ನೀನೇ ಹೋಗಿ ಮಲಕ್ಕೋ, ಯಾರು ಬೇಡ ಅಂದ್ರು?" ಎಂದು ತಾವು ಕೇಳಿದಿರಿ. ಬೀದಿಯಲ್ಲಿ ಒಂದಾದರೂ ಖಾಲಿ ಬೆನ್ನು ಇರುವ ತನಕ ಈ ಕೂಸು ಒಂಟಿಯಾಗಿ ಮಲಗತಕ್ಕದ್ದಲ್ಲ ಎಂದು ಅಲ್ಲಿಯೇ ತೀರ್ಮಾನವಾಯಿತು.

ಆ ತೀರ್ಮಾನ ಜಾರಿಯಾದ ರೀತಿಯನ್ನು ಹೊಗಳದಿದ್ದರೆ ನಾನು ಕೃತಘ್ನಳು. ನಮ್ಮ ನಲ್ಲಿ ಮಳೆಗಾಲದಿಂದ ಕೆಟ್ಟು ನಿಂತಿದೆ, ನೋಡಲು ಯಾರೂ ಬಂದಿಲ್ಲ. ನನ್ನ ಮಗ ಒಮ್ಮೆ ಮೂಗೆಳೆದರೆ ಬೇಲಿಯಾಚೆ ಮೂವರು ಹಾಜರು. ಅವನು ಫೈನೆಸ್ ಬೆನ್ನೇರಿ ಸಂತೆಗೆ ಹೋಗುತ್ತಾನೆ, ತಮ್ಮ ಬೆನ್ನೇರಿ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗುತ್ತಾನೆ, ನನಗೆ ಗುರುತಿಲ್ಲದವರ ಶವಸಂಸ್ಕಾರಗಳಿಗೂ ಹೋಗಿ ಬಂದಿದ್ದಾನೆ. ಸಂಜೆ ಒಣಮೀನಿನ ವಾಸನೆ ಹೊತ್ತು ಬಂದು, ಸ್ವಂತ ಮನೆಯ ಬಾಗಿಲಲ್ಲಿ ನಿಂತು, ಪರರ ಮನೆಗೆ ಬಂದವನಂತೆ ಒಳಗೆ ಬರಲು ಒಂದೇ ತೊದಲು ಪದದಲ್ಲಿ ಅಪ್ಪಣೆ ಕೇಳುತ್ತಾನೆ. ಆಸ್ಗರ್ ಎಂದರೆ ತಿರುಗುವುದಿಲ್ಲ. ಬೀದಿಯವರ ಬಾಯಿಯ ಆಸಿಗಾಲ ಎಂದರೆ ಓಡಿ ಬರುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದೆ. ಆದರೆ ಹಾನಿ ನನಗೂ ತಗುಲಿದೆ. ಈ ಏಪ್ರಿಲಿನಲ್ಲಿ ರಜೆಗೆಂದು ಡೆನ್ಮಾರ್ಕಿನ ಓಡೆನ್ಸ ನಗರದ ನನ್ನ ತಂಗಿ ಲೋನೆಯ ಮನೆಗೆ ಹೋಗಿದ್ದೆವು. ಅವಳು ತನ್ನ ಪುಟ್ಟ ಮಗಳನ್ನು ಹಿತ್ತಲಲ್ಲಿ, ಮಂಜಿನಲ್ಲಿ, ತಳ್ಳುಗಾಡಿಯಲ್ಲಿ ಮಲಗಿಸಿ ಸ್ನಾನಕ್ಕೆ ಹೋದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಎರಡು ಆಲೂಗಡ್ಡೆ ಸುಲಿಯುವಷ್ಟು ಹೊತ್ತು ತಡೆದುಕೊಂಡೆ. ಬಳಿಕ ಮೇಜಿನ ಮೇಲಿನ ಬಟ್ಟೆ ಎಳೆದುಕೊಂಡು, ಕೂಸನ್ನು ಬೆನ್ನಿಗೆ ಬಿಗಿದು, ಬೇಕರಿಗೆ ಹೊರಟುಬಿಟ್ಟೆ. ಹಿಂದಿರುಗಿದಾಗ ಮನೆಯ ಮುಂದೆ ಪೊಲೀಸ್ ವಾಹನ ನಿಂತಿತ್ತು. "ತಲೆ ಕೆಟ್ಟಿದ್ಯಾ ನಿಂಗೆ? ನೆಮ್ಮದಿಯಾಗಿ ಮಲಗಿರೋ ಮಗೂನ ಯಾರಾದ್ರೂ ಹೊತ್ಕೊಂಡ್ ಹೋಗ್ತಾರಾ?" ಎಂದು ತಂಗಿ ಅಳುತ್ತ ಕೂಗಿದಳು. "ಮತ್ತೆ ಮಂಜಲ್ಲಿ ಒಂಟಿ ಬಿಡ್ತಾರಾ? ನೀನು ಸತ್ತೇ ಹೋದೆ ಅಂದ್ಕೊಂಡೆ ಕಣೆ!" ಎಂದೆ. ಅಂದಿನಿಂದ ಅವಳು ಫೋನ್ ಎತ್ತುತ್ತಿಲ್ಲ. ಇದನ್ನೆಲ್ಲ ಎಲ್ಲಿ ಕಲಿತಿರೆಂದು ಪೊಲೀಸರು ಸೌಜನ್ಯದಿಂದ ವಿಚಾರಿಸಿದ್ದಕ್ಕೆ ತಮ್ಮ ಹೆಸರು, ವಿಳಾಸ ಬರೆಸಿದ್ದೇನೆ. ಅವರೇನಾದರೂ ಬಂದರೆ ದಯವಿಟ್ಟು ಚಹಾ ಕೊಟ್ಟು ಕೂರಿಸಿ.

ಆ ರಜೆಯಲ್ಲಿ ಒಂದು ದಿನ ರೈಲಿನಲ್ಲಿ ಆಸ್ಗರನಿಗೆ ನಿದ್ದೆ ಬಂತು. ಅವನು ಸೀಟುಗಳ ನಡುವೆ ನಡೆದು ಹೋಗಿ, ಒಬ್ಬೊಬ್ಬ ಹೆಂಗಸಿನ ಮುಂದೆಯೂ ನಿಂತು, ಎರಡೂ ಕೈ ಮೇಲೆತ್ತಿದ. ಎಲ್ಲರೂ ಮುಗುಳ್ನಕ್ಕರು. ಒಬ್ಬರು ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಡಬ್ಬಿಯ ಕೊನೆಯವರೆಗೂ ಹೋಗಿ ಹಿಂದಿರುಗಿ ನನ್ನ ಮುಖ ನೋಡಿದ. ಇವರಿಗೆಲ್ಲ ಏನಾಗಿದೆ ಎಂದು ಕೇಳುವಷ್ಟು ಮಾತು ಅವನಿಗಿನ್ನೂ ಬಂದಿಲ್ಲ, ಅದು ನನ್ನ ಪುಣ್ಯ.

ಆದ್ದರಿಂದ ನನ್ನ ಬೇಡಿಕೆಗಳು ಸರಳವಾಗಿವೆ. ಒಂದೋ ದಿನಕ್ಕೊಂದು ಗಂಟೆ ಬೀದಿಯ ಹೆಂಗಸರೆಲ್ಲರೂ ಕಣ್ಣು, ಕಿವಿ ಮುಚ್ಚಿಕೊಂಡು ನನ್ನ ಮಗನಿಗೆ ಒಂಟಿತನ ಕಲಿಯಲು ಅವಕಾಶ ಕೊಡಬೇಕು. ಇಲ್ಲವೇ ತಾವು ಪರಿವಾರಸಮೇತ ಡೆನ್ಮಾರ್ಕಿಗೆ ದಯಮಾಡಿಸಿ, ಅಲ್ಲಿನ ಪ್ರತಿ ರೈಲಿನ ಪ್ರತಿ ಡಬ್ಬಿಗೂ ಒಬ್ಬ ಫೈನೆಸ್‌ರನ್ನು ನೇಮಿಸಬೇಕು. ಎರಡರಲ್ಲಿ ಯಾವುದು ತಮಗೆ ಸುಲಭವೋ ನನಗೆ ತಿಳಿಯದು.

ಮೊದಲನೆಯದನ್ನು ನಾನಾಗಿಯೇ ಪರೀಕ್ಷಿಸಿದ್ದೇನೆಂದು ತಿಳಿಸುವುದು ನನ್ನ ಕರ್ತವ್ಯ. ಹೋದ ಶನಿವಾರ ತಾವೆಲ್ಲರೂ ಪಕ್ಕದ ಬೀದಿಯ ಮದುವೆಗೆ ಹೋಗಿದ್ದಿರಿ. ಬೇಲಿಯಾಚೆ ಯಾರೂ ಇರಲಿಲ್ಲ. ನನ್ನ ಹಕ್ಕು ಪೂರ್ತಿಯಾಗಿ ನನ್ನ ಕೈಯಲ್ಲಿತ್ತು. ಮಗನನ್ನು ಗಾಡಿಯಲ್ಲಿ ಮಲಗಿಸಿ ಒಳಗೆ ಬಂದು ಕಾಫಿಗೆ ನೀರಿಟ್ಟೆ. ನೀರು ಕುದಿಯುವ ಮೊದಲೇ ಅವನು ನನ್ನ ಬೆನ್ನಿನಲ್ಲಿದ್ದ. ಅವನು ಅತ್ತಿರಲಿಲ್ಲ ಎಂಬುದನ್ನೂ ಸತ್ಯದ ಸಲುವಾಗಿ ಸೇರಿಸುತ್ತೇನೆ.

ಚಹಾದ ನೆಪದಲ್ಲಿ ಈ ವಿಷಯವನ್ನು ಮರೆಸಲಾರಿರಿ ಎಂಬ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ, ಬಾಗಿದ ಬೆನ್ನಿನ,
ಟೋವೆ, ಅಂದರೆ ಆಸಿಗಾಲನ ಅವ್ವ

ವಿ.ಸೂ.: ಇನ್ನೂ ಎರಡು ವರ್ಷ ಇಲ್ಲಿಯೇ ಇರುವುದಾಗಿ ಯೆಪ್ಪೆ ನಿನ್ನೆ ಕಚೇರಿಗೆ ತಿಳಿಸಿದ್ದಾನೆ. ಫೆಬ್ರವರಿಯಲ್ಲಿ ನಮಗೆ ಇನ್ನೊಂದು ಮಗುವಾಗುತ್ತದೆ. ಆಸ್ಪತ್ರೆಯವರಿಗಿಂತ ಮೊದಲೇ ಇದು ತಮಗೆ ಗೊತ್ತಿತ್ತಂತೆ, ಆ ಕೂಸನ್ನು ಯಾವ ದಿನ ಯಾರು ಹೊರಬೇಕೆಂಬ ಸರದಿಯೂ ತಮ್ಮ ಜಗಲಿಯಲ್ಲಿ ತೀರ್ಮಾನವಾಗಿದೆಯಂತೆ. ಅದರಲ್ಲಿ ನನ್ನ ಹೆಸರಿಲ್ಲವೆಂದು ಕೇಳಿದೆ. ಹೆತ್ತವಳೆಂಬ ದಾಕ್ಷಿಣ್ಯಕ್ಕಾದರೂ ನನಗೊಂದು ಮಂಗಳವಾರ ಕೊಡಬೇಕಾಗಿ ಪ್ರಾರ್ಥನೆ.